ಸವಳಂಗದ ಕೆರೆಯೂ ಜೇಬಿನ ಕ್ಯಾಮೆರಾವೂ



ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ ಎಂಬ ಊರಿದೆ. ಈಗ ಅದು ನ್ಯಾಮತಿ ತಾಲ್ಲೂಕಿಗೆ ಸೇರಿದೆ. ನಾನು ಹೇಳಲಿರುವ ಸಂಗತಿಗಳು ನಡೆದಾಗ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಅಲ್ಲಿನ ಕೆರೆ ಚೆನ್ನಾಗಿ ತುಂಬಿದ ವರ್ಷ ಚಳಿಗಾಲದಲ್ಲಿ ನೀರಿನ ಮೇಲೆ ಹಕ್ಕಿಗಳ ಸಂತೆಯೇ ನೆರೆಯುತ್ತದೆ. 2007ರ ಡಿಸೆಂಬರಿನ ಒಂದು ಬೆಳಿಗ್ಗೆ ಏಳನೆಯ ತರಗತಿಯ ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿದ್ದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ‘ನಮ್ಮ ಕೆರೆಯ ಹಕ್ಕಿಗಳು’ ಎಂಬ ಚಾರ್ಟ್ ಮಾಡಬೇಕಿತ್ತು. ನನ್ನ ಅಂಗಿಯ ಜೇಬಿನಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಹಣ ಕೂಡಿಟ್ಟು ಕೊಂಡದ್ದು. ಅದರ ಮೈಮೇಲೆ ‘7.1 ಮೆಗಾಪಿಕ್ಸೆಲ್’ ಎಂದು ಹೊಳೆಯುವ ಅಕ್ಷರಗಳಲ್ಲಿ ಬರೆದಿತ್ತು. ನನಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ದೂರದಲ್ಲಿ ಕಪ್ಪು ಹಕ್ಕಿಯೊಂದು ತೇಲುತ್ತಿತ್ತು. ಝೂಮ್ ಪೂರ್ತಿ ಎಳೆದು ಚಿತ್ರ ತೆಗೆದೆ. ಶಾಲೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಹಕ್ಕಿಯ ಜಾಗದಲ್ಲಿ ಮಸಿ ಚೆಲ್ಲಿದಂಥ ಕಲೆ! ‘ಇದು ನೀರುಕಾಗೆ’ ಎಂದ ಒಬ್ಬ. ‘ಅಲ್ಲ, ಬಾತು’ ಎಂದಳು ಇನ್ನೊಬ್ಬಳು. ‘ಸರ್, ಎಪ್ಪತ್ತು ಲಕ್ಷ ಚುಕ್ಕಿ ಇರೋ ಕ್ಯಾಮೆರಾ ಅಂದ್ರಲ್ಲ, ಒಂದು ಹಕ್ಕಿ ಗುರುತು ಸಿಗಲ್ವಾ?’ ಎಂದು ಮೂರನೆಯವಳು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಅದು ನಾಚಿಕೆಯ ಸಂಗತಿಯೇ. ಆ ರಾತ್ರಿ ಕುಳಿತು ಲೆಕ್ಕ ಮಾಡಿದೆ. ನೀವೂ ಮಾಡಬಹುದು. ಅನುಪಾತ ಗೊತ್ತಿದ್ದರೆ ಸಾಕು.

ಕ್ಯಾಮೆರಾದ ಮುಂದೆ ಪೀನ ಮಸೂರ ಇರುತ್ತದೆ. ಅದು ಹೊರಗಿನ ದೃಶ್ಯದ ಚಿಕ್ಕ, ತಲೆಕೆಳಗಾದ ಪ್ರತಿಬಿಂಬವನ್ನು ಒಳಗೆ ಮೂಡಿಸುತ್ತದೆ. ಹಿಂದೆ ಆ ಪ್ರತಿಬಿಂಬ ಬೀಳುವ ಜಾಗದಲ್ಲಿ ರೀಲು ಇರುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಅಲ್ಲಿ ಬೆಳಕಿನ ಸಂವೇದಕ ಇದೆ. ಸಂವೇದಕವೆಂದರೆ ಸಿಲಿಕಾನಿನ ತೆಳು ಬಿಲ್ಲೆ. ಅದರ ಮೇಲೆ ಗ್ರಾಫ್ ಹಾಳೆಯಂತೆ ಲಕ್ಷಾಂತರ ಸಣ್ಣ ಚೌಕಗಳು. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿಸಿ ‘ಇಷ್ಟು’ ಎಂದು ಒಂದು ಸಂಖ್ಯೆ ಹೇಳುತ್ತದೆ. ಈ ಚೌಕವೇ ಪಿಕ್ಸೆಲ್. ನನ್ನ ಕ್ಯಾಮೆರಾದಲ್ಲಿ ಅಡ್ಡಕ್ಕೆ 3072, ಉದ್ದಕ್ಕೆ 2304 ಚೌಕಗಳಿದ್ದವು. ಗುಣಿಸಿ ನೋಡಿ, 70 ಲಕ್ಷ ದಾಟುತ್ತದೆ. ಆದರೆ ಸಂವೇದಕ ಎಷ್ಟು ದೊಡ್ಡದು ಗೊತ್ತೇ? ಅಗಲ 5.8 ಮಿ.ಮೀ., ಎತ್ತರ 4.3 ಮಿ.ಮೀ. ಹೆಚ್ಚು ಕಡಿಮೆ ಒಂದು ತೊಗರಿಬೇಳೆ! ಹಳೆಯ ರೀಲಿನ ಒಂದು ಚಿತ್ರದ ಜಾಗ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತಿತ್ತು.

ಈಗ ಹಕ್ಕಿಗೆ ಬರೋಣ. ಅದರ ಉದ್ದ ಸುಮಾರು 40 ಸೆಂ.ಮೀ., ನಮ್ಮಿಂದ ಅದಕ್ಕಿದ್ದ ದೂರ ಸುಮಾರು 80 ಮೀಟರ್ ಎಂದಿಟ್ಟುಕೊಳ್ಳಿ. ಅಂದರೆ ದೂರವು ಹಕ್ಕಿಯ ಉದ್ದದ 200 ಪಟ್ಟು. ಝೂಮ್ ಪೂರ್ತಿ ಎಳೆದಾಗ ನನ್ನ ಕ್ಯಾಮೆರಾದ ಮಸೂರದ ಸಂಗಮದೂರ 18 ಮಿ.ಮೀ. ಇತ್ತು. ಅದನ್ನು 200ರಿಂದ ಭಾಗಿಸಿದರೆ 0.09 ಮಿ.ಮೀ. ಸಂವೇದಕದ ಮೇಲೆ ಹಕ್ಕಿಯ ಉದ್ದ ಅಷ್ಟೇ! ಇದು ಸಂವೇದಕದ ಅಗಲದಲ್ಲಿ ಸುಮಾರು 64ನೇ ಒಂದು ಭಾಗ. 3072 ಚೌಕಗಳನ್ನು 64ರಿಂದ ಭಾಗಿಸಿದರೆ 48. ಎಪ್ಪತ್ತು ಲಕ್ಷ ಚೌಕಗಳ ಕ್ಯಾಮೆರಾದಲ್ಲಿ ನಮ್ಮ ಹಕ್ಕಿಯ ಕೊಕ್ಕಿನಿಂದ ಬಾಲದವರೆಗೆ ಸಿಕ್ಕಿದ್ದು ನಲವತ್ತೆಂಟು ಚೌಕ. ಕೊಕ್ಕಿಗೆ, ಹಣೆಗೆ ಎಷ್ಟು ಉಳಿಯುತ್ತವೆ, ನೀವೇ ಹೇಳಿ.

ಮರುವರ್ಷ ಊರಿನ ಅಡಿಕೆ ತೋಟದವರೊಬ್ಬರು 10 ಮೆಗಾಪಿಕ್ಸೆಲ್ ಕ್ಯಾಮೆರಾ ತಂದರು. ‘ನಿಮ್ಮದಕ್ಕಿಂತ ಮೂರು ಹೆಚ್ಚು ಮೇಷ್ಟ್ರೇ’ ಎಂದರು. ಲೆಕ್ಕ ಹಾಕಿ ತೋರಿಸಿದೆ. ಅದರ ಸಂವೇದಕವೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು, ಅಡ್ಡಕ್ಕೆ 3648 ಚೌಕ. ಅದೇ ಹಕ್ಕಿಗೆ 57 ಚೌಕ ಸಿಗುತ್ತವೆ, ಅಷ್ಟೇ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಕೊಳ್ಳುವವರು ಆಗಲೂ ಇದ್ದರು. ಈಗ ಮೊಬೈಲ್ ಕೊಳ್ಳುವಾಗಲೂ ಇದ್ದಾರೆ. ಹಾಗೆಯೇ ‘ಡಿಜಿಟಲ್ ಝೂಮ್’ ಎಂಬುದಕ್ಕೂ ಮರುಳಾಗಬೇಡಿ. ಮಸೂರ ಮುಂದೆ ಹಿಂದೆ ಸರಿದು ಪ್ರತಿಬಿಂಬವನ್ನೇ ದೊಡ್ಡದು ಮಾಡುವುದು ನಿಜವಾದ ಝೂಮ್. ಡಿಜಿಟಲ್ ಝೂಮ್ ಅದೇ 48 ಚೌಕಗಳನ್ನು ಹಿಗ್ಗಿಸಿ ತೋರಿಸುತ್ತದೆ. ಇಡ್ಲಿ ಹಿಟ್ಟಿಗೆ ನೀರು ಸುರಿದರೆ ಪಾತ್ರೆ ತುಂಬುತ್ತದೆ, ಇಡ್ಲಿ ಹೆಚ್ಚಾಗುವುದಿಲ್ಲ.

ಕಡಿಮೆ ಚೌಕಗಳಿಂದಲೇ ಈ ವಿದ್ಯೆ ಶುರುವಾದದ್ದು ಎಂಬುದನ್ನು ಮರೆಯಬಾರದು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿದ್ದದ್ದು ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು ಹತ್ತು ಸಾವಿರ ಚೌಕ. ತೂಕ ಮೂರೂವರೆ ಕಿಲೋಗಿಂತ ಹೆಚ್ಚು. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಅದರೊಳಗಿದ್ದ ಬಗೆಯ ಸಂವೇದಕವನ್ನು 1969ರಲ್ಲಿ ರೂಪಿಸಿದ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸರಿ, ಹಕ್ಕಿಯ ಗತಿ ಏನಾಯಿತು? ನನ್ನ ಹತ್ತಿರ ಹಳೆಯದೊಂದು ದುರ್ಬೀನು ಇತ್ತು. ಅದು ವಸ್ತುವನ್ನು 8 ಪಟ್ಟು ದೊಡ್ಡದಾಗಿ ತೋರಿಸುವಂಥದು. ಅದನ್ನು ಏರಿಯ ಕಲ್ಲಿನ ಮೇಲೆ ಅಲುಗದಂತೆ ಇಟ್ಟು, ಕಣ್ಣಿಡುವ ಕಡೆಯ ಗಾಜಿಗೆ ಕ್ಯಾಮೆರಾದ ಮಸೂರವನ್ನು ಒತ್ತಿ ಹಿಡಿದೆವು. ಪುಟ್ಟ ಕ್ಯಾಮೆರಾದ ಮಸೂರವೂ ಪುಟ್ಟದಲ್ಲವೇ? ದುರ್ಬೀನಿನ ಕಿಂಡಿಗೆ ಸರಿಯಾಗಿ ಕೂತಿತು. ದೊಡ್ಡ ಕ್ಯಾಮೆರಾ ಆಗಿದ್ದರೆ ಕೂರುವುದು ಕಷ್ಟ. ಚಿತ್ರದ ಸುತ್ತ ಕಪ್ಪು ವೃತ್ತ ಬಂತು, ಬರಲಿ. 48ರ ಜಾಗದಲ್ಲಿ ಈಗ ಹಕ್ಕಿಗೆ 384 ಚೌಕ ಸಿಕ್ಕವು. ಕಪ್ಪು ಮೈ, ಬಿಳಿಯ ಕೊಕ್ಕು, ಅದರ ಮೇಲೆ ಹಣೆಗೆ ಬಳಿದಂಥ ಬಿಳಿ ನಾಮ! ನೀರುಕಾಗೆಯೂ ಅಲ್ಲ, ಬಾತೂ ಅಲ್ಲ, ಅದು ನಾಮಗೋಳಿ. (ಎಚ್ಚರ: ದುರ್ಬೀನನ್ನಾಗಲಿ ಕ್ಯಾಮೆರಾವನ್ನಾಗಲಿ ಸೂರ್ಯನ ಕಡೆ ಎಂದೂ ತಿರುಗಿಸಬೇಡಿ. ಚಿತ್ರದ ಆಸೆಗೆ ಕೆರೆಗೆ ಇಳಿಯಲೂಬೇಡಿ.)

ಸಂಜೆ ತೆಗೆದ ಚಿತ್ರಗಳ ಕಥೆ ಬೇರೆ. ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿನ ಚಿತ್ರಗಳಲ್ಲಿ ಆಕಾಶದ ತುಂಬ ಕೆಂಪು, ನೀಲಿ, ಹಸಿರು ಮರಳು ಚೆಲ್ಲಿದಂತೆ ಕಾಣುತ್ತಿತ್ತು. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆವು. ಕೆಟ್ಟಿರಲಿಲ್ಲ. ತುಂತುರು ಮಳೆ ಬರುವಾಗ ಅಂಗಳದಲ್ಲಿ ಹತ್ತು ಬಾಟಲಿ ಮುಚ್ಚಳಗಳನ್ನೂ ಹತ್ತು ಊಟದ ತಟ್ಟೆಗಳನ್ನೂ ಹತ್ತು ಸೆಕೆಂಡು ಇಟ್ಟು ಬಿದ್ದ ಹನಿಗಳನ್ನು ಎಣಿಸಿ ನೋಡಿ. ಒಂದು ಮುಚ್ಚಳಕ್ಕೆ ಎರಡು ಹನಿ, ಪಕ್ಕದ್ದಕ್ಕೆ ಐದು, ಇನ್ನೊಂದಕ್ಕೆ ಒಂದೂ ಇಲ್ಲ. ತಟ್ಟೆಗಳಲ್ಲಿ ಇಷ್ಟು ಏರುಪೇರು ಕಾಣದು. ಬೆಳಕೂ ಮಳೆಯಂತೆ ಬಿಡಿ ಬಿಡಿ ಹನಿಗಳಾಗಿ ಬರುತ್ತದೆ. ಆ ಹನಿಗಳಿಗೆ ಫೋಟಾನ್ ಎಂದು ಹೆಸರು. ಬೇಳೆಯಷ್ಟು ಜಾಗವನ್ನು ಎಪ್ಪತ್ತು ಲಕ್ಷ ಪಾಲು ಮಾಡಿದರೆ ಪ್ರತಿ ಚೌಕವೂ ಮುಚ್ಚಳವೇ. ಮಧ್ಯಾಹ್ನ ಬೆಳಕು ಧಾರಾಕಾರ, ವ್ಯತ್ಯಾಸ ಗೊತ್ತಾಗದು. ಸಂಜೆ ತುಂತುರು, ಆಗ ಒಂದು ಚೌಕ ಹೆಚ್ಚು ಹೇಳುತ್ತದೆ, ಪಕ್ಕದ್ದು ಕಡಿಮೆ ಹೇಳುತ್ತದೆ. ಅದೇ ಆ ಬಣ್ಣದ ಮರಳು. ಈಗಿನ ಮೊಬೈಲುಗಳ ಸಂವೇದಕವೂ ಚಿಕ್ಕದೇ. ಆದರೆ ಕತ್ತಲಲ್ಲಿ ಅವು ಬೇಗ ಬೇಗ ಹಲವು ಚಿತ್ರ ತೆಗೆದು, ಕೂಡಿಸಿ ಸರಾಸರಿ ಮಾಡಿ ಒಂದನ್ನು ಕೊಡುತ್ತವೆ. ಹಲವು ತುಂತುರುಗಳ ಹನಿಯನ್ನು ಕೂಡಿಸಿದ ಹಾಗೆ.

ಅಂಗಳದ ಬಿಳಿ ಬಿಲ್ಲೆಗಳು

ಈಗ ಹೇಳುವುದು ಸ್ವಲ್ಪ ಗಂಭೀರ ವಿಷಯ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಮೆಕ್ಕೆಜೋಳದ ಒಕ್ಕಣೆ ಜೋರು. ಯಂತ್ರ ಸದ್ದು ಮಾಡುತ್ತಿದ್ದರೆ ಊರೆಲ್ಲ ಹೊಟ್ಟು, ದೂಳು. ಅಂಥ ಒಂದು ದೀಪಾವಳಿಯ ರಾತ್ರಿ ರೈತರೊಬ್ಬರು ಹಿರಿಯರಿಗೆ ಎಡೆ ಇಟ್ಟು, ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಪುಟ್ಟ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ನೋಡಿದರೆ ಎಲ್ಲರ ತಲೆಯ ಮೇಲೂ ಅಲ್ಲಲ್ಲಿ ಬೆಳ್ಳಗಿನ ದುಂಡು ಬಿಲ್ಲೆಗಳು! ಮನೆಯ ಹಿರಿಯ ಅಜ್ಜ, ‘ನಮ್ಮ ಹಿರೇರು ಬಂದು ಹೋಗ್ಯಾರೆ’ ಎಂದು ಕೈಮುಗಿದರು. ಅವರಿಗೆ ಸಂತೋಷವೇ ಆಗಿತ್ತು. ಆದರೆ ಮರುದಿನ ಯಾರೋ ಬಂದು, ‘ಇದು ಒಳ್ಳೆಯದಲ್ಲ, ಶಾಂತಿ ಮಾಡಿಸಬೇಕು’ ಎಂದು ಹೇಳಿ ಖರ್ಚಿನ ಲೆಕ್ಕವನ್ನೂ ಕೊಟ್ಟರು. ಮನೆಯ ಹುಡುಗಿ ನಮ್ಮ ಶಾಲೆಯವಳು. ರಾತ್ರಿ ಅಂಗಳಕ್ಕೆ ಬರಲೂ ಹೆದರುತ್ತಿದ್ದಳು. ಜೋಳ ಮಾರಿದ ಹಣದಲ್ಲಿ ಅವಳ ಅಕ್ಕನ ಕಾಲೇಜಿನ ಫೀಸು ಕಟ್ಟಬೇಕಿತ್ತು ಎಂಬುದೂ ತಿಳಿಯಿತು.

ನಾನು ‘ಇದೆಲ್ಲ ಸುಳ್ಳು’ ಎಂದು ವಾದಕ್ಕೆ ಹೋಗಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಅವರದೇ ಕ್ಯಾಮೆರಾ ಹಿಡಿದು ಅದೇ ಅಂಗಳದಲ್ಲಿ ಪರೀಕ್ಷೆ ಮಾಡಿದೆವು. ಒಂದು ರಾತ್ರಿ ಒಕ್ಕಣೆ ನಿಂತ ಮೇಲೆ ಅಂಗಳಕ್ಕೆ ಚೆನ್ನಾಗಿ ನೀರು ಚಿಮುಕಿಸಿ, ಅರ್ಧ ಗಂಟೆ ಕಾದು, ಫ್ಲ್ಯಾಶ್ ಹಾಕಿ ಹತ್ತು ಚಿತ್ರ. ಆಮೇಲೆ ಅದೇ ಹುಡುಗಿಯ ಕೈಯಲ್ಲಿ ಕಣದ ಒಣ ಹೊಟ್ಟನ್ನು ಕ್ಯಾಮೆರಾದ ಮುಂದೆ ತೂರಿಸಿ ಹತ್ತು ಚಿತ್ರ. ಕೊನೆಗೆ ಹೊಟ್ಟು ತೂರಿಸುತ್ತಲೇ, ಫ್ಲ್ಯಾಶ್ ಆರಿಸಿ, ಅಂಗಳದ ಬಲ್ಬಿನ ಬೆಳಕಿನಲ್ಲಿ ಹತ್ತು. ಮೊದಲ ಹತ್ತರಲ್ಲಿ ಒಂದೇ ಒಂದು ಮಸುಕು ಬಿಲ್ಲೆ. ಎರಡನೆಯ ಹತ್ತರಲ್ಲಿ ಎಣಿಸಲು ಆಗದಷ್ಟು. ಮೂರನೆಯದರಲ್ಲಿ ಒಂದೂ ಇಲ್ಲ!

ಏಕೆ ಹೀಗೆ? ಪುಟ್ಟ ಕ್ಯಾಮೆರಾದಲ್ಲಿ ಜಾಗ ಕಡಿಮೆ, ಆದ್ದರಿಂದ ಫ್ಲ್ಯಾಶ್ ಮಸೂರದ ಮಗ್ಗುಲಲ್ಲೇ ಇರುತ್ತದೆ. ಮಸೂರದ ಮುಂದೆಯೇ ಹಾರುವ ದೂಳಿನ ಕಣದ ಮೇಲೆ ಅದರ ಬೆಳಕು ಬಿದ್ದು ನೇರ ಒಳಗೆ ಬರುತ್ತದೆ. ಬೆಳಕಿನ ಮೂಲದಿಂದ ದೂರ ಹೆಚ್ಚಿದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಜನ 5 ಮೀಟರ್ ದೂರದಲ್ಲಿ, ಕಣ 10 ಸೆಂ.ಮೀ. ದೂರದಲ್ಲಿ ಇದ್ದರೆ ದೂರದ ಅನುಪಾತ 50. ಅಂದರೆ ಕಣದ ಮೇಲೆ 2500 ಪಟ್ಟು ಹೆಚ್ಚು ತೀವ್ರ ಬೆಳಕು! ಇನ್ನು ಅದು ದುಂಡಗೆ ಕಾಣುವುದೇಕೆ? ಮಸೂರ ಜನರ ಮೇಲೆ ಫೋಕಸ್ ಆಗಿದೆ. ತೀರ ಹತ್ತಿರದ ಕಣದಿಂದ ಬಂದ ಕಿರಣಗಳು ಸಂವೇದಕದ ಮೇಲೆ ಒಂದು ಬಿಂದುವಿನಲ್ಲಿ ಸೇರದೆ ಹರಡಿಕೊಳ್ಳುತ್ತವೆ, ಮಸೂರದ ಕಿಂಡಿಯ ಆಕಾರವನ್ನೇ ಪಡೆಯುತ್ತವೆ. ಕಿಂಡಿ ದುಂಡು, ಆದ್ದರಿಂದ ಬಿಲ್ಲೆಯೂ ದುಂಡು. ತುಂತುರು ಮಳೆಯ ರಾತ್ರಿಯಲ್ಲೂ ಹೀಗೆಯೇ ಬರುತ್ತದೆ. ನಿಮ್ಮ ಶಾಲೆಯಲ್ಲಿ ಕತ್ತಲೆ ಕೋಣೆಯೊಂದರಲ್ಲಿ ಡಸ್ಟರ್ ತಟ್ಟಿ, ಫ್ಲ್ಯಾಶ್ ಹಾಕಿ ಪರೀಕ್ಷಿಸಿ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ.

ಶಾಂತಿ ಮಾಡಿಸಲಿಲ್ಲ. ಫೀಸು ಕಟ್ಟಿದರು. ಅಜ್ಜ ಮಾತ್ರ ಆ ಮೊದಲ ಚಿತ್ರವನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ.

ಗಡಿಯಾರದಲ್ಲಿ ಬದುಕಿದ ಸೆಲ್ಲು

ಆ ಕ್ಯಾಮೆರಾಗಳನ್ನು ಇಟ್ಟುಕೊಂಡಿದ್ದ ಎಲ್ಲರೂ ಹೇಳುವ ದೂರು ಒಂದಿದೆ. ಅಂಗಡಿಯಿಂದ ತಂದ ಹೊಸ ಪೆನ್ಸಿಲ್ ಸೆಲ್ ಹಾಕಿದರೆ ಎಂಟು ಹತ್ತು ಚಿತ್ರಕ್ಕೇ ‘ಬ್ಯಾಟರಿ ಮುಗಿದಿದೆ’ ಎಂದು ಕ್ಯಾಮೆರಾ ಮಲಗಿಬಿಡುತ್ತಿತ್ತು. ಅದೇ ‘ಸತ್ತ’ ಸೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕಿದರೆ ತಿಂಗಳುಗಟ್ಟಲೆ ಟಿಕ್ ಟಿಕ್! ಅಂಗಡಿಯವ ಮೋಸ ಮಾಡಿದನೇ? ಇಲ್ಲ. ಗಡಿಯಾರಕ್ಕೆ ಬೇಕಾದ ವಿದ್ಯುತ್ತು ತೀರ ಅಲ್ಪ. ಕ್ಯಾಮೆರಾಗೆ ಮಸೂರ ಸರಿಸಲು, ಪರದೆ ಬೆಳಗಲು, ಫ್ಲ್ಯಾಶ್ ತುಂಬಲು ಒಮ್ಮೆಗೇ ದಪ್ಪ ಪ್ರವಾಹ ಬೇಕು. ಅಗ್ಗದ ಸತು-ಇಂಗಾಲದ ಸೆಲ್ಲಿನ ಒಳರೋಧ ಹೆಚ್ಚು. ಟ್ಯಾಂಕ್ ತುಂಬಿದ್ದರೂ ನಲ್ಲಿ ಕಿರಿದಾದರೆ ಕೊಡ ಬೇಗ ತುಂಬುವುದುಂಟೇ? ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನ ವೋಲ್ಟೇಜು 1.5 ಅಲ್ಲ, ಬರೀ 1.2. ಆದರೂ ಅದರಲ್ಲಿ ಕ್ಯಾಮೆರಾ ನೂರಾರು ಚಿತ್ರ ತೆಗೆಯುತ್ತಿತ್ತು. ಅದರ ನಲ್ಲಿ ದೊಡ್ಡದು.

ಸೆಲ್ ತೆಗೆದಿಡುವುದರಿಂದ ಇನ್ನೊಂದು ತೊಂದರೆ ಆಗುತ್ತಿತ್ತು. ಕ್ಯಾಮೆರಾದೊಳಗಿನ ಗಡಿಯಾರ ಕೆಲವು ದಿನ ತಾಳಿಕೊಂಡು, ಆಮೇಲೆ ನಿಂತು, ಹೊಸ ಸೆಲ್ ಹಾಕಿದಾಗ ಮತ್ತೆ ಮೊದಲ ದಿನಾಂಕದಿಂದ ಶುರುವಾಗುತ್ತಿತ್ತು. ನಮ್ಮ ಮಕ್ಕಳ ಹಕ್ಕಿ ಪಟ್ಟಿಯಲ್ಲಿ ಒಂದು ವಾರದ ಚಿತ್ರಗಳೆಲ್ಲ ಹೀಗೆ ‘01-01-2007’ ಎಂದು ಬಂದವು. ನಾಮಗೋಳಿ ಬಂದದ್ದು ಯಾವ ದಿನ, ಹೋದದ್ದು ಯಾವ ದಿನ ಎಂದು ಹೇಳಲಾಗದೆ ಆ ವಾರವನ್ನೇ ಚಾರ್ಟಿನಿಂದ ತೆಗೆಯಬೇಕಾಯಿತು. ಆಮೇಲೆ ಮಕ್ಕಳೇ ಒಂದು ಉಪಾಯ ಮಾಡಿದರು. ದಿನದ ಮೊದಲ ಚಿತ್ರ ಆ ದಿನದ ಪತ್ರಿಕೆಯದ್ದು!

ಅಳಿಸಿದ ಅಜ್ಜಿ

ಸವಳಂಗದ ಸಮೀಪದ ತಾಂಡಾದ ಹುಡುಗನೊಬ್ಬ ಒಂದು ದಿನ ಅಳುತ್ತಾ ಬಂದ. ಅವನ ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಊರಿಗೆ ಬಂದಾಗ ಅಜ್ಜಿಯ ಐದು ಚಿತ್ರ ತೆಗೆದಿದ್ದ. ಕನ್ನಡಿ ಚೂರು ಹೊಲಿದ ಲಂಬಾಣಿ ಉಡುಪು ತೊಟ್ಟು ಹೊಲದ ಬದುವಿನಲ್ಲಿ ಕೂತ ಅಜ್ಜಿ. ಪ್ರಿಂಟು ಹಾಕಿಸಿರಲಿಲ್ಲ. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಈ ಹುಡುಗ ಕ್ಯಾಮೆರಾದ ಗುಂಡಿಗಳನ್ನು ಒತ್ತಿ ಆಡುತ್ತಾ ‘ಫಾರ್ಮ್ಯಾಟ್’ ಒತ್ತಿಬಿಟ್ಟಿದ್ದ. ಕಾರ್ಡಿನಲ್ಲಿದ್ದ 140 ಚಿತ್ರಗಳೂ ಮಾಯ. ಅಜ್ಜಿಯ ಬೇರೆ ಚಿತ್ರವೇ ಮನೆಯಲ್ಲಿ ಇರಲಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ: ‘ಆಮೇಲೆ ಹೊಸ ಚಿತ್ರ ತೆಗೆದಿರಾ?’ ಹನ್ನೊಂದು ತೆಗೆದಿದ್ದರಂತೆ.

ಅದೇಕೆ ಮುಖ್ಯ ಎಂದರೆ, ಮೆಮೊರಿ ಕಾರ್ಡು ನಮ್ಮ ಶಾಲೆಯ ಗ್ರಂಥಾಲಯದ ಹಾಗೆ. ಯಾವ ಪುಸ್ತಕ ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಕ್ಯಾಮೆರಾ ‘ಅಳಿಸು’ ಎಂದಾಗ ಪುಸ್ತಕವನ್ನು ಸುಡುವುದಿಲ್ಲ, ರಿಜಿಸ್ಟರಿನ ಸಾಲನ್ನು ಹೊಡೆದುಹಾಕುತ್ತದೆ. ಆ ಕ್ಯಾಮೆರಾಗಳ ಫಾರ್ಮ್ಯಾಟ್ ಎಂದರೂ ಸಾಮಾನ್ಯವಾಗಿ ಇಡೀ ರಿಜಿಸ್ಟರನ್ನು ಖಾಲಿ ಮಾಡುವುದು ಅಷ್ಟೇ. ಪುಸ್ತಕಗಳು ಅರೆಯಲ್ಲಿ ಹಾಗೇ ಇರುತ್ತವೆ. ಆದರೆ ಹೊಸ ಪುಸ್ತಕ ಬಂದರೆ? ‘ಈ ಜಾಗ ಖಾಲಿ’ ಎಂದು ತಿಳಿದು ಹಳೆಯದನ್ನು ಎಸೆದು ಅಲ್ಲೇ ಇಡುತ್ತದೆ. ಆಗ ಮಾತ್ರ ನಿಜವಾಗಿ ಹೋದಂತೆ. ಆದ್ದರಿಂದ ಚಿತ್ರ ಅಳಿಸಿಹೋದರೆ ಮೊದಲು ಮಾಡಬೇಕಾದದ್ದು ಕಾರ್ಡನ್ನು ಕ್ಯಾಮೆರಾದಿಂದ ತೆಗೆದಿಡುವುದು.

ಹೊನ್ನಾಳಿಯಲ್ಲಿ ಕಂಪ್ಯೂಟರ್ ಕಲಿತ ಗೆಳೆಯನೊಬ್ಬನಿದ್ದ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ತಂದು ಕಾರ್ಡನ್ನು ಓದಿಸಿದ. ಅದು ರಿಜಿಸ್ಟರನ್ನು ನೋಡುವುದೇ ಇಲ್ಲ. ಅರೆಯಿಂದ ಅರೆಗೆ ಹೋಗಿ, ‘ಚಿತ್ರ ಇಲ್ಲಿಂದ ಶುರು’ ಎಂದು ಪ್ರತಿ ಚಿತ್ರದ ಕಡತದ ತಲೆಯಲ್ಲಿರುವ ಗುರುತನ್ನು ಹುಡುಕುತ್ತದೆ. ಹಳೆಯ ಕಂಪ್ಯೂಟರು, ಬಹಳ ಹೊತ್ತು ಹಿಡಿಯಿತು. ಹುಡುಗ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ 128 ಚಿತ್ರ ಸಿಕ್ಕವು. ಮೊದಲ ಹನ್ನೆರಡು ಹೋಗಿದ್ದವು. ಹೊಸ ಹನ್ನೊಂದು ಚಿತ್ರ ಕೂತದ್ದು ಅವುಗಳ ಜಾಗದಲ್ಲೇ. ಅಜ್ಜಿಯ ಐದು ಚಿತ್ರಗಳು ಹನ್ನೊಂದರಿಂದ ಹದಿನೈದನೆಯವು. ಎರಡು ಹೋದವು, ಮೂರು ಉಳಿದವು. ಇನ್ನು ಮೂರು ನಾಲ್ಕು ಬಾರಿ ಗುಂಡಿ ಒತ್ತಿದ್ದರೆ ಅವೂ ಇಲ್ಲ.

ಮೂರರಲ್ಲೂ ದಿನಾಂಕ ‘01-01-2007’ ಎಂದೇ ಇತ್ತು. ಅವರ ಕ್ಯಾಮೆರಾಗೂ ಸೆಲ್ಲಿನ ಕಾಟ! ತೆಗೆದದ್ದು ಯಾವಾಗ ಎಂದು ಮನೆಯಲ್ಲಿ ಚರ್ಚೆಯಾಯಿತು. ಅಣ್ಣನಿಗೇ ಸರಿಯಾಗಿ ನೆನಪಿರಲಿಲ್ಲ. ಹುಡುಗನ ತಾಯಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಅಜ್ಜಿಯ ಹಿಂದೆ ಮೆಕ್ಕೆಜೋಳ ಸೂಲಂಗಿ ಬಿಟ್ಟಿತ್ತು. ‘ಜೂನಿನಾಗೆ ಬಿತ್ತಿದ್ದು. ಸೂಲಂಗಿ ಅಂದ್ರೆ ಆಗಸ್ಟ್’ ಎಂದರು. ಅಜ್ಜಿಯ ಮಡಿಲಲ್ಲಿ ಕೂತ ತಂಗಿಯ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವು ಬಿದ್ದದ್ದು ಅವಳು ಎರಡನೆಯ ತರಗತಿಯಲ್ಲಿದ್ದಾಗ, 2008ರಲ್ಲಿ. ಶಿವಮೊಗ್ಗದಲ್ಲಿ ಪ್ರಿಂಟು ಹಾಕಿಸಿ ತಂದ ದಿನ ಹುಡುಗ ಅದರ ಹಿಂದೆ ಪೆನ್ಸಿಲಿನಲ್ಲಿ ‘ಆಗಸ್ಟ್ 2008’ ಎಂದು ಬರೆದ.